ಕೈತೋಟ ಪ್ರಶ್ನೋತ್ತರ: ಪಾಪಾಸುಕಳ್ಳಿಗೆ ಬಿಸಿಲು ಹೆಚ್ಚಿರಲಿ, ನೀರು ಕಡಿಮೆಯಿರಲಿ

ಪಾಪಾಸುಕಳ್ಳಿ ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ಗಿಡ ಕೊಳೆತ ದೂರುಗಳೇ. ಈ ಗಿಡ ಬರದಲ್ಲಿ ಸಾಯುವುದು ಅಪರೂಪ. ನಮ್ಮ ಮನೆಗಳಲ್ಲಿ ಅದು ಸಾಯುವುದು ನೀರು ಹೆಚ್ಚಾಗಿ, ಇಲ್ಲವೇ ನೀರು ಇಂಗದ ಮಣ್ಣಿನಿಂದ. ಕೆಳಗಿನ ಉತ್ತರಗಳಲ್ಲಿ 'ಎಲೆ' ಎಂದಿರುವುದು ಗಿಡದ ಚಪ್ಪಟೆ ಕಾಂಡವನ್ನು. ಎಲ್ಲರೂ ಹಾಗೆಯೇ ಕರೆಯುವುದರಿಂದ ನಾವೂ ಅದೇ ಪದ ಬಳಸಿದ್ದೇವೆ.

ಪ್ರಶ್ನೆ: ಸಂಬಂಧಿಕರ ತೋಟದಿಂದ ಮುಳ್ಳಿಲ್ಲದ ಪಾಪಾಸುಕಳ್ಳಿಯ ಎರಡು ಎಲೆ ತಂದಿದ್ದೇನೆ. ಹಿಂದೊಮ್ಮೆ ತಂದ ದಿನವೇ ಕುಂಡದಲ್ಲಿ ನೆಟ್ಟು ನೀರು ಹಾಕಿದ್ದಕ್ಕೆ ಹತ್ತೇ ದಿನದಲ್ಲಿ ಬುಡ ಕೊಳೆಯಿತು. ಈ ಸಲ ತಾರಸಿಯಲ್ಲಿ ಹೇಗೆ ನೆಡಬೇಕು? (ತುಮಕೂರು)

ತಂದ ದಿನವೇ ನೆಟ್ಟಿದ್ದೇ ಕೊಳೆಯಲು ಕಾರಣ. ಕತ್ತರಿಸಿದ ಜಾಗ ಹಸಿ ಗಾಯ. ಅದು ಒದ್ದೆ ಮಣ್ಣಿಗೆ ತಾಗಿದರೆ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ನೇರವಾಗಿ ಒಳಹೊಗುತ್ತವೆ. ಈಗ ತಂದಿರುವ ಎಲೆಗಳನ್ನು ಗಾಳಿಯಾಡುವ ನೆರಳಿನಲ್ಲಿ, ಗಾಯ ಯಾವುದಕ್ಕೂ ತಾಗದಂತೆ, 10ರಿಂದ 15 ದಿನ ಇಡಿ. ಮೋಡದ ವಾತಾವರಣವಿದ್ದರೆ ಮೂರು ವಾರವೂ ಬೇಕಾದೀತು. ಕತ್ತರಿಸಿದ ಜಾಗ ಬೆಳ್ಳಗೆ ಬಿಗಿದುಕೊಂಡು, ಬೆರಳಿನಿಂದ ಒತ್ತಿದಾಗ ಗಟ್ಟಿ ಚರ್ಮದಂತೆ ಸಿಕ್ಕರೆ ನೆಡಲು ಸಿದ್ಧ. ಅಷ್ಟರಲ್ಲಿ ಎಲೆ ಸ್ವಲ್ಪ ಸುಕ್ಕಾಗುತ್ತದೆ, ಅದರಿಂದ ತೊಂದರೆಯಿಲ್ಲ. ಮುಂದೆ ನೀವೇ ಕತ್ತರಿಸುವಾಗ ಕನಿಷ್ಠ ಆರು ತಿಂಗಳು ಬಲಿತ ಎಲೆ ಆರಿಸಿ, ಎರಡು ಎಲೆ ಕೂಡುವ ಸಣ್ಣ ಗೆಣ್ಣಿನಲ್ಲೇ ಚಾಕು ಆಡಿಸಿ. ಎಲೆಯ ನಡುವೆ ಕತ್ತರಿಸಿದರೆ ಗಾಯ ದೊಡ್ಡದಾಗಿ ಒಣಗಲು ತಡವಾಗುತ್ತದೆ.

ಕುಂಡ ಮಣ್ಣಿನದೇ ಇರಲಿ, 12 ಇಂಚು ಅಗಲ ಸಾಕು. ಪ್ಲಾಸ್ಟಿಕ್ ಕುಂಡ ಬೇಗ ಒಣಗುವುದಿಲ್ಲ, ಗಿಡ ಮೇಲೆ ಭಾರವಾದಾಗ ಗಾಳಿಗೆ ಉರುಳಲೂಬಹುದು. ಮಿಶ್ರಣಕ್ಕೆ ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಕಡಲೆಕಾಳಿನ ಗಾತ್ರದ ಇಟ್ಟಿಗೆ ಚೂರು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಸೇರಿಸಿ. ಎಂ-ಸ್ಯಾಂಡ್ ಬಳಸುವುದಾದರೆ ಬಕೆಟ್ಟಿನಲ್ಲಿ ಎರಡು ಮೂರು ಸಲ ತೊಳೆದು ಹುಡಿಯನ್ನೆಲ್ಲ ಬಸಿದುಬಿಡಿ. ಆ ಹುಡಿ ಒಣಗಿದಾಗ ಸಿಮೆಂಟಿನಂತೆ ಗಟ್ಟಿಯಾಗಿ ಬೇರಿಗೆ ಗಾಳಿ ಸಿಗದಂತೆ ಮಾಡುತ್ತದೆ. ಕೊಕೊಪೀಟ್ ಬೇಡ, ಕಪ್ಪು ಮಣ್ಣೂ ಬೇಡ. ಎರಡೂ ದಿನಗಟ್ಟಲೆ ನೀರು ಹಿಡಿದಿಡುತ್ತವೆ. ಕುಂಡದ ತಳದಲ್ಲಿ ಜಲ್ಲಿಯ ಪದರ ಹಾಕುವ ರೂಢಿಯನ್ನು ಬಿಟ್ಟುಬಿಡಿ. ಜಲ್ಲಿಯ ಮೇಲಿನ ಮಣ್ಣು ಪೂರ್ತಿ ನೆನೆಯುವ ತನಕ ನೀರು ಕೆಳಗಿಳಿಯುವುದಿಲ್ಲ, ಹಾಗಾಗಿ ಒದ್ದೆ ಭಾಗ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಅಥವಾ ಜಾಲರಿ ಇಟ್ಟರೆ ಸಾಕು. ಕೆಳಗೆ ತಟ್ಟೆಯೂ ಬೇಡ.

ಎಲೆಯ ಮೂರನೇ ಒಂದು ಭಾಗ ಮಣ್ಣಿನೊಳಗೆ ಹೋಗುವಂತೆ ನೆಟ್ಟು, ಎರಡೂ ಬದಿಗೆ ಕಲ್ಲು ಅಥವಾ ಕೋಲು ಆನಿಸಿ. ಆಳವಾಗಿ ನೆಟ್ಟರೆ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಅರ್ಧಕ್ಕಿಂತ ಹೆಚ್ಚು ಹೂಳಬೇಡಿ. ಎಲೆಯ ಅಗಲ ಮುಖಗಳು ಪೂರ್ವ ಪಶ್ಚಿಮಕ್ಕಿರಲಿ. ಬೆಳಗಿನ, ಸಂಜೆಯ ಬಿಸಿಲು ಅಗಲಕ್ಕೆ ಬಿದ್ದು, ನಡುಹಗಲಿನ ಉರಿ ಅಂಚಿನ ಮೇಲಷ್ಟೇ ಹಾಯುತ್ತದೆ. ಮೊದಲ 8–10 ದಿನ ನೀರೇ ಹಾಕಬೇಡಿ. ಆಮೇಲೆ ಒಮ್ಮೆ ತೂತಿನಿಂದ ಹೊರಬರುವಷ್ಟು ಹಾಕಿ, ಮಣ್ಣು ತಳದವರೆಗೂ ಒಣಗಿದ ಮೇಲಷ್ಟೇ ಮತ್ತೆ ಹಾಕಿ. ಮೂರು ನಾಲ್ಕು ವಾರಕ್ಕೆ ಎಲೆಯನ್ನು ಮೆಲ್ಲಗೆ ಎಳೆದು ನೋಡಿ, ಬಿಗಿ ಹಿಡಿದಿದ್ದರೆ ಬೇರು ಬಂದಿದೆ.

ಬೇರು ಹಿಡಿದ ಗಿಡಕ್ಕೆ ಬೇಸಿಗೆಯಲ್ಲಿ 10–14 ದಿನಕ್ಕೊಮ್ಮೆ, ಚಳಿಗಾಲದಲ್ಲಿ ತಿಂಗಳಿಗೊಮ್ಮೆ ನೀರು ಸಾಕು. ಮಳೆಗಾಲದಲ್ಲಿ ನೀವು ನೀರು ಹಾಕಲೇಬೇಡಿ. ಕ್ಯಾಲೆಂಡರಿಗಿಂತ ಕಡ್ಡಿಯನ್ನು ನಂಬಿ: ಉದ್ದನೆಯ ಒಣ ಕಡ್ಡಿಯನ್ನು ತಳದವರೆಗೆ ಚುಚ್ಚಿ ತೆಗೆದಾಗ ಮಣ್ಣು ಅಂಟಿ ಬಂದರೆ ಆ ದಿನ ನೀರು ಬೇಡ. ನೆಡಲು ಜನವರಿಯಿಂದ ಏಪ್ರಿಲ್ ಒಳ್ಳೆಯದು, ಜೂನ್‌ನಿಂದ ಸೆಪ್ಟೆಂಬರ್ ಕೆಟ್ಟದ್ದು. ತಾರಸಿಯ ಕಾದ ನೆಲಕ್ಕೆ ಕುಂಡ ನೇರ ತಾಗದಂತೆ ಎರಡು ಇಟ್ಟಿಗೆ ಮೇಲಿಡಿ.

ಪ್ರಶ್ನೆ: ನಮ್ಮದು ಪುತ್ತೂರು ಕಡೆ. ಬೇಸಿಗೆಯೆಲ್ಲ ಚೆನ್ನಾಗಿದ್ದ ಗಿಡ ಜುಲೈಯಲ್ಲಿ ಬುಡದಿಂದ ಕಂದಾಗಿ, ನೀರು ಒಸರಿ, ನಾತ ಹೊಡೆಯುತ್ತದೆ. ಔಷಧಿ ಇದೆಯೇ? (ಪುತ್ತೂರು, ದಕ್ಷಿಣ ಕನ್ನಡ)

ನಾತ ಬಂದ ಮೇಲೆ ಬುಡಕ್ಕೆ ಔಷಧಿಯಿಲ್ಲ. ಅದು ಬ್ಯಾಕ್ಟೀರಿಯಾದ ಮೆದುಕೊಳೆ. ಅದೇ ದಿನ ಮೇಲಿನ ಗಟ್ಟಿ ಎಲೆಗಳನ್ನು ಕತ್ತರಿಸಿ ಉಳಿಸಿಕೊಳ್ಳಿ. ಕತ್ತರಿಸಿದ ಜಾಗದಲ್ಲಿ ಕಂದು ಚುಕ್ಕೆಯೋ ಉಂಗುರವೋ ಕಂಡರೆ ರೋಗ ಅಲ್ಲಿಯವರೆಗೂ ಏರಿದೆ ಎಂದರ್ಥ. ಇನ್ನೂ ಮೇಲಕ್ಕೆ, ಒಂದೇ ಸಮ ಹಸಿರು ಕಾಣುವವರೆಗೆ ಕತ್ತರಿಸಿ. ಪ್ರತಿ ಸಲವೂ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು, ಇಲ್ಲದಿದ್ದರೆ ಚಾಕುವೇ ರೋಗ ಹಂಚುತ್ತದೆ. ಹಳೆಯ ಮಣ್ಣನ್ನು ಬೇರೆ ಕಳ್ಳಿ ಗಿಡಗಳಿಗೆ ಬಳಸಬೇಡಿ. ಉಳಿಸಿದ ಎಲೆಗಳನ್ನು ಮನೆಯೊಳಗೆ ಗಾಳಿಯಾಡುವ ಕಡೆ ಒಣಗಲು ಇಟ್ಟು, ಮಳೆ ಕಳೆದ ಮೇಲೆ ನೆಡಿ. ಚೆನ್ನಾಗಿ ಬಲಿತ ಎಲೆ ಎರಡು ಮೂರು ತಿಂಗಳು ಮಣ್ಣಿಲ್ಲದೆ ತಾಳಿಕೊಳ್ಳುತ್ತದೆ.

ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಈ ಗಿಡ ಬಯಸುವ ಹವೆಗೆ ಇದು ತದ್ವಿರುದ್ಧ. ಹಾಗಾಗಿ ನಿಮ್ಮಲ್ಲಿ ಕುಂಡವೇ ಸರಿ. ಮೇ ಕೊನೆಗೆ ಕುಂಡವನ್ನು ಬೆಳಕು ಬರುವ ಜಗಲಿಗೋ ಪಾರದರ್ಶಕ ಶೀಟಿನ ಕೆಳಗೋ ಸರಿಸಿ, ಸೆಪ್ಟೆಂಬರ್ ತನಕ ನೀರು ತೋರಿಸಬೇಡಿ. ಮಾಡಿನ ಅಂಚಿನಿಂದ ನೀರು ಸುರಿಯುವ ಜಾಗದಲ್ಲಿ ಮಾತ್ರ ಇಡಬೇಡಿ. ನೆಲದಲ್ಲೇ ಬೇಕೆಂದರೆ ಮುರಕಲ್ಲಿನ ಚೂರು, ಮರಳು ಸೇರಿಸಿ ಎರಡು ಅಡಿ ಎತ್ತರದ ದಿಬ್ಬ ಮಾಡಿ ನೆಡಬಹುದು, ಆದರೂ ನಷ್ಟದ ಸಾಧ್ಯತೆ ಇದ್ದೇ ಇದೆ.

ಎಲೆಯ ಮೇಲೆ ಒಣ, ಕಪ್ಪು, ದುಂಡನೆಯ ಮಚ್ಚೆ ಬಂದರೆ ಅದು ಬೇರೆ, ಶಿಲೀಂಧ್ರದ್ದು. ಮಚ್ಚೆ ಹೆಚ್ಚಿರುವ ಎಲೆ ತೆಗೆದುಹಾಕಿ, ಉಳಿದದ್ದಕ್ಕೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಮಳೆ ಬಿಡುವಿನಲ್ಲಿ ಸಿಂಪಡಿಸಿ.

ಪ್ರಶ್ನೆ: ಎಲೆಗಳ ಮೇಲೆ ಹತ್ತಿಯಂಥ ಬಿಳಿ ಉಂಡೆ ಕೂತಿವೆ. ಒರೆಸಿದರೆ ಕೈ ರಕ್ತದಂತೆ ಕೆಂಪಾಗುತ್ತದೆ. ಏನಿದು? (ಬೆಂಗಳೂರು)

ಕಾಚಿನೀಲ್ ಕೀಟ. ಕೆಂಪು ಬಣ್ಣವೇ ಗುರುತು. ಸಾಮಾನ್ಯ ಹಿಟ್ಟು ತಿಗಣೆಯನ್ನು ಹೊಸಕಿದರೆ ಇಷ್ಟು ಗಾಢ ಕೆಂಪು ಬರುವುದಿಲ್ಲ. ಹೆಣ್ಣು ಕೀಟ ಒಂದೇ ಕಡೆ ಕೂತು ರಸ ಹೀರುತ್ತದೆ, ಮೈಮೇಲಿನ ಬಿಳಿ ಮೇಣ ಅದಕ್ಕೆ ಕವಚ. ಆ ಮೇಣದಿಂದಾಗಿ ಬರೀ ಸಿಂಪಡಣೆ ಒಳಗೆ ಇಳಿಯುವುದಿಲ್ಲ, ಜನ ಸೋಲುವುದು ಇಲ್ಲಿಯೇ. ಮೊದಲು ಗಿಡವನ್ನು ಬೇರೆ ಕಳ್ಳಿಗಳಿಂದ ದೂರ ಇಡಿ. ಕುಂಡದ ಮಣ್ಣಿಗೆ ಪ್ಲಾಸ್ಟಿಕ್ ಹೊದಿಸಿ, ಪೈಪಿನಿಂದ ಜೋರಾಗಿ ನೀರು ಹಾಯಿಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ಮೇಣ ಬಿಡಿಸಿ. ಗಿಡ ಒಣಗಿದ ಮೇಲೆ, ಸೂರ್ಯ ಮುಳುಗಿದ ನಂತರ, ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, 2–3 ಮಿಲಿ ದ್ರವ ಸೋಪು ಕಲಸಿ, ಎಲೆ ಕೂಡುವ ಸಂದುಗಳಿಗೂ ತಾಗುವಂತೆ ಸಿಂಪಡಿಸಿ. ಬಿಸಿಲಿನಲ್ಲಿ ಎಣ್ಣೆ ಹೊಡೆದರೆ ಎಲೆ ಸುಡುತ್ತದೆ. ವಾರಕ್ಕೊಮ್ಮೆಯಂತೆ ನಾಲ್ಕು ಸಲ ಮಾಡಿ, ಮೊಟ್ಟೆಯಿಂದ ಹೊರಬರುವ ಮರಿಗಳು ಮೊದಲ ಸಲಕ್ಕೆ ಸಿಕ್ಕುವುದಿಲ್ಲ. ಪೂರ್ತಿ ಮುಚ್ಚಿಹೋದ ಎಲೆಯನ್ನು ಉಳಿಸಲು ಹೋಗಬೇಡಿ, ಕತ್ತರಿಸಿ ಚೀಲದಲ್ಲಿ ಬಿಗಿದು ಹೊರಹಾಕಿ. ಗೊಬ್ಬರದ ಗುಂಡಿಗೆ ಎಸೆದರೆ ಮರಿಗಳು ಗಾಳಿಯಲ್ಲಿ ತೇಲಿ ಮತ್ತೆ ಬರುತ್ತವೆ.

ಈ ಕೀಟಕ್ಕೂ ನಮ್ಮ ನೆಲಕ್ಕೂ ಹಳೆಯ ನಂಟು. ಪಾಪಾಸುಕಳ್ಳಿ ಅಮೆರಿಕ ಖಂಡದ ಗಿಡ. ಕೆಂಪು ಬಣ್ಣ ತಯಾರಿಸುವ ಆಸೆಯಿಂದ 1795ರಲ್ಲಿ ಬ್ರೆಜಿಲ್‌ನಿಂದ ಕಾಚಿನೀಲ್ ಕೀಟವನ್ನು ಭಾರತಕ್ಕೆ ತರಲಾಯಿತು. ಬಂದದ್ದು ಒಳ್ಳೆಯ ಬಣ್ಣ ಕೊಡುವ ಜಾತಿಯಲ್ಲ, ಆದರೆ ಅದು ಇಲ್ಲಿ ಹಬ್ಬಿದ್ದ ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸಿತು. ಕೀಟದಿಂದ ಕಳೆಯನ್ನು ಹತೋಟಿಗೆ ತಂದ ಜಗತ್ತಿನ ಮೊದಲ ಉದಾಹರಣೆಯಾಗಿ ಇದನ್ನೇ ಹೇಳುತ್ತಾರೆ. 1926ರಲ್ಲಿ ಶ್ರೀಲಂಕಾದಿಂದ ಇನ್ನೊಂದು ಜಾತಿಯ ಕಾಚಿನೀಲ್ ತಂದು ದಕ್ಷಿಣ ಭಾರತದಲ್ಲಿ ಬಿಟ್ಟ ಮೇಲೆ ಬೇಲಿ, ಬೀಳುಗಳಲ್ಲಿದ್ದ ಮುಳ್ಳಿನ ಪಾಪಾಸುಕಳ್ಳಿಯೂ ಬಹುತೇಕ ಕಡಿಮೆಯಾಯಿತು. ನಿಮ್ಮ ಗಿಡದ ಮೇಲಿರುವುದು ಆ ಬಳಗದ್ದೇ. ಹಾಗಾಗಿ ಇದನ್ನು ಸಣ್ಣ ಕೀಟವೆಂದು ಬಿಡಬೇಡಿ.

ಪ್ರಶ್ನೆ: ನಾಲ್ಕು ವರ್ಷದ ಗಿಡ, ಆಳೆತ್ತರ ಬೆಳೆದಿದೆ. ಒಂದು ಹೂವೂ ಇಲ್ಲ. (ಹುಬ್ಬಳ್ಳಿ)

ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಎಂದು ಒಂದು ದಿನ ಗಮನಿಸಿ. ಆರು ಗಂಟೆಗಿಂತ ಕಡಿಮೆಯಿದ್ದರೆ ಅದೇ ಕಾರಣ. ಹೊಸ ಎಲೆಗಳು ಅಗಲವಾಗದೆ ಸೌತೆಕಾಯಿಯಂತೆ ಕಿರಿದಾಗಿ ಉದ್ದಕ್ಕೆ ಬೆಳೆದಿದ್ದರೆ ಬೆಳಕು ಸಾಲದೆನ್ನಲು ಬೇರೆ ಸಾಕ್ಷಿ ಬೇಡ.

ಬಿಸಿಲು ಸಾಕಷ್ಟಿದ್ದರೆ ಗೊಬ್ಬರದ ಕಡೆ ನೋಡಿ. ಮುಳ್ಳು ಮೂಡುವ ಪ್ರತಿ ಕಣ್ಣಿನಿಂದ ಹೊಸ ಎಲೆಯೂ ಹೊರಡಬಹುದು, ಹೂವೂ ಹೊರಡಬಹುದು. ಯೂರಿಯಾ, ಹಸಿ ಸಗಣಿ, ಕಡಲೆಹಿಂಡಿ ನೀರು ಸಿಕ್ಕಷ್ಟೂ ಗಿಡ ಎಲೆಯನ್ನೇ ಹೊರಡಿಸುತ್ತದೆ. ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಮತ್ತು ಮಳೆ ಮುಗಿದ ಮೇಲೆ, ಕುಂಡಕ್ಕೆ ಎರಡು ಹಿಡಿ ಎರೆಗೊಬ್ಬರ, ಒಂದು ಚಮಚ ಮೂಳೆಪುಡಿ ಸಾಕು. ನವೆಂಬರ್‌ನಿಂದ ಜನವರಿವರೆಗೆ ನೀರನ್ನು ಬಹುಮಟ್ಟಿಗೆ ನಿಲ್ಲಿಸಿ. ಆ ಒಣ ತಂಪು ಸಿಕ್ಕ ಗಿಡ ಬೇಸಿಗೆ ಮೊದಲಿಗೆ ಮೊಗ್ಗು ಬಿಡುತ್ತದೆ. ಹೂವು ಬರುವುದು ಹೆಚ್ಚಾಗಿ ಹಿಂದಿನ ವರ್ಷದ ಎಲೆಯ ಮೇಲಂಚಿನಲ್ಲಿ. ಚಂದ ಕಾಣಲೆಂದು ಪ್ರತಿ ವರ್ಷ ತುದಿ ಸವರುವವರಿಗೆ ಹೂವು ಸಿಗದಿರಲು ಇದೂ ಕಾರಣ. ಮೊಗ್ಗೋ ಎಲೆಯೋ ಎಂಬ ಅನುಮಾನವಿದ್ದರೆ, ಚಪ್ಪಟೆಯಾಗಿದ್ದರೆ ಎಲೆ, ದುಂಡಗಿದ್ದರೆ ಮೊಗ್ಗು.

ಕಾಯಿ ನಿಂತ ಮೇಲೆ ಒಂದು ಎಲೆಗೆ 6–8 ಉಳಿಸಿ ಮಿಕ್ಕದ್ದನ್ನು ಎಳೆಯದಾಗಿರುವಾಗಲೇ ಕಿತ್ತುಬಿಡಿ. ಹಣ್ಣು ದಪ್ಪವಾಗುತ್ತದೆ, ಭಾರಕ್ಕೆ ಎಲೆ ಮುರಿಯುವುದೂ ತಪ್ಪುತ್ತದೆ. ಇಟಲಿಯ ಸಿಸಿಲಿಯಲ್ಲಿ ಹಣ್ಣಿಗಾಗಿ ಬೆಳೆಯುವ ರೈತರು ಬೇಸಿಗೆ ಮೊದಲಿನ ಹೂವನ್ನು ಪೂರ್ತಿ ಉದುರಿಸುತ್ತಾರೆ. ಗಿಡ ಮತ್ತೊಮ್ಮೆ ಹೂಬಿಟ್ಟು ಶರತ್ಕಾಲದಲ್ಲಿ ಕೊಡುವ ಹಣ್ಣು ದೊಡ್ಡದು, ಬೀಜವೂ ಕಡಿಮೆ. ನಮ್ಮ ಮಳೆಗಾಲದಲ್ಲಿ ಆ ಎರಡನೇ ಹೂವು ಕೊಳೆಯುವ ಸಂಭವವೇ ಹೆಚ್ಚು, ಇಲ್ಲಿ ಅದನ್ನು ಅನುಸರಿಸಬೇಡಿ.

ಪ್ರಶ್ನೆ: ಗಿಡದ ಬುಡ ಕಂದಾಗಿ ಮರದಂತೆ ಒರಟಾಗಿದೆ. ರೋಗವೇ? (ದಾವಣಗೆರೆ)

ಅಲ್ಲ. ಒತ್ತಿದಾಗ ಗಟ್ಟಿಯಾಗಿದ್ದು ಒಣಗಿದ್ದರೆ ಅದು ವಯಸ್ಸು. ಮೇಲಿನ ಭಾರ ಹೊರಲು ಬುಡದ ಎಲೆ ಕಾಂಡವಾಗಿ ಬಲಿಯುತ್ತಿದೆ. ಮೆತ್ತಗಾಗಿ ತೇವ ಒಸರಿದರೆ ಮಾತ್ರ ಚಿಂತಿಸಿ.

ಪ್ರಶ್ನೆ: ನರ್ಸರಿಯಿಂದ ತಂದ, ಚುಕ್ಕೆ ಚುಕ್ಕೆ ಮುಳ್ಳಿನ 'ಬನ್ನಿ ಇಯರ್' ಕಳ್ಳಿಯನ್ನು ಮಗು ಸವರಿಬಿಟ್ಟಿತು. ಕಣ್ಣಿಗೆ ಕಾಣದ ಮುಳ್ಳು, ಎರಡು ದಿನವಾದರೂ ಉರಿ ಇಳಿದಿಲ್ಲ. ತೆಗೆಯುವುದು ಹೇಗೆ? (ಮೈಸೂರು)

ಉದ್ದ ಮುಳ್ಳಿಲ್ಲದ್ದರಿಂದ ಇದು ಸಾಧುವಾಗಿ ಕಾಣುತ್ತದೆ, ಆದರೆ ಪ್ರತಿ ಚುಕ್ಕೆಯಲ್ಲೂ ನೂರಾರು ನವಿರು ಮುಳ್ಳುಗಳಿರುತ್ತವೆ. ಅವಕ್ಕೆ ಹಿಮ್ಮುಖ ಕೊಕ್ಕೆಗಳಿರುವುದರಿಂದ ಉಜ್ಜಿದಷ್ಟೂ ಒಳಗೆ ಹೋಗುತ್ತವೆ. ಕೈ ತಿಕ್ಕಬೇಡಿ, ಹಲ್ಲಿನಿಂದ ಕೀಳಬೇಡಿ. ಒಳ್ಳೆಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು, ಕಂಡಷ್ಟನ್ನು ಚಿಮ್ಮಟದಿಂದ ನೇರವಾಗಿ ಎಳೆಯಿರಿ. ಉಳಿದವಕ್ಕೆ ಶಾಲೆಯ ಮಕ್ಕಳು ಬಳಸುವ ಬಿಳಿ ಅಂಟನ್ನು ತೆಳ್ಳಗೆ ಸವರಿ, ಮೇಲೆ ಗಾಜ್ ಬಟ್ಟೆ ಒತ್ತಿ, ಪೂರ್ತಿ ಒಣಗಿದ ಮೇಲೆ ಸಿಪ್ಪೆಯಂತೆ ಸುಲಿಯಿರಿ. ಫೆವಿಕ್ವಿಕ್‌ನಂಥ ಅಂಟು ಬೇಡವೇ ಬೇಡ. ಕೆಂಪು ಹರಡಿದರೆ, ಕೀವಾದರೆ, ಎರಡು ಮೂರು ದಿನಕ್ಕೂ ಇಳಿಯದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಕಣ್ಣಿಗೆ ಬಿದ್ದಿದ್ದರೆ ಮನೆಯಲ್ಲಿ ಏನೂ ಮಾಡದೆ ಆಸ್ಪತ್ರೆಗೆ ಹೋಗಿ.

ಗಿಡ ಮುಟ್ಟುವಾಗ ಬಟ್ಟೆಯ ಕೈಗವಸು ಹಾಕಿದರೆ ಮುಳ್ಳು ಅದರಲ್ಲಿ ಕೂತು ಮುಂದಿನ ಸಲ ಚುಚ್ಚುತ್ತದೆ. ಇಕ್ಕಳ, ಇಲ್ಲವೇ ನಾಲ್ಕು ಮಡಿಕೆ ಮಾಡಿದ ದಿನಪತ್ರಿಕೆಯ ಪಟ್ಟಿ ಬಳಸಿ, ಬಳಸಿದ ಕಾಗದ ಎಸೆಯಿರಿ. ಮುಳ್ಳಿಲ್ಲದ ಮೇವಿನ ತಳಿಗೂ ಈ ನವಿರು ಮುಳ್ಳು ಸ್ವಲ್ಪ ಇದ್ದೇ ಇರುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬನ್ನಿ ಇಯರ್ ಬೇಡ ಎಂಬುದೇ ನಮ್ಮ ಸಲಹೆ.

ಪ್ರಶ್ನೆ: ಮೇವಿಗೆಂದು ಮುಳ್ಳಿಲ್ಲದ ಕಳ್ಳಿಯನ್ನು ಹೊಲದ ಬದುವಿನಲ್ಲಿ ಹಾಕಬೇಕೆಂದಿದ್ದೇನೆ. ಬೇಲಿಯೂ ಆಗುತ್ತದಲ್ಲವೇ? (ಹಿರಿಯೂರು)

ಬೇಲಿ ಆಗುವುದಿಲ್ಲ. ಮುಳ್ಳಿಲ್ಲದ್ದನ್ನು ದಾರಿಯಲ್ಲಿ ಹೋಗುವ ಆಡು ಕುರಿಗಳೇ ಮೊದಲು ತಿನ್ನುತ್ತವೆ. ಮೊದಲ ಎರಡು ವರ್ಷ ಅದಕ್ಕೇ ಬೇಲಿ ಬೇಕು. ಮೇವಾಗಿ ಮಾತ್ರ ಒಳ್ಳೆಯ ಆಲೋಚನೆ. ರಾತ್ರಿ ಹೊತ್ತು ಮಾತ್ರ ರಂಧ್ರ ತೆರೆದು ಗಾಳಿ ಎಳೆದುಕೊಳ್ಳುವ ಗಿಡವಾದ್ದರಿಂದ ಹಗಲಿನ ಬಿಸಿಲಿಗೆ ಬಹಳ ಕಡಿಮೆ ನೀರು ಕಳೆದುಕೊಳ್ಳುತ್ತದೆ. ನಿಮ್ಮ ಕಡೆಯ ಮಳೆ ಇದಕ್ಕೆ ಸಾಕು.

ಒಣಗಿಸಿದ ಬಲಿತ ಎಲೆಗಳನ್ನು ಸಾಲಿನಿಂದ ಸಾಲಿಗೆ 2 ಮೀಟರ್, ಗಿಡದಿಂದ ಗಿಡಕ್ಕೆ 1 ಮೀಟರ್ ಬಿಟ್ಟು ನೆಡಿ. ಎಕರೆಗೆ ಸುಮಾರು 2,000 ಎಲೆ ಬೇಕಾಗುತ್ತದೆ. ಕೆಂಪು, ಗರಸು ಮಣ್ಣಾದರೆ ನೇರ ನೆಡಬಹುದು, ಎರೆಮಣ್ಣಾದರೆ ಏರುಮಡಿಯ ಮೇಲೆಯೇ ನೆಡಬೇಕು. ಒಂದೂವರೆ ಎರಡು ವರ್ಷ ಕೊಯ್ಯಬೇಡಿ. ಆಮೇಲೂ ಬುಡದ ಎಲೆ ಮತ್ತು ಅದರ ಮೇಲಿನ ಒಂದು ಸುತ್ತು ಬಿಟ್ಟು ಕೊಯ್ದರೆ ಗಿಡ ಬೇಗ ಚೇತರಿಸಿಕೊಳ್ಳುತ್ತದೆ.

ಎಲೆಯ ತೂಕದಲ್ಲಿ ಸುಮಾರು 90 ಭಾಗ ನೀರು, ಪ್ರೋಟೀನ್ ಕಡಿಮೆ. ಬರೀ ಕಳ್ಳಿ ತಿನ್ನಿಸಿದರೆ ಬೇಧಿ ಹತ್ತುತ್ತದೆ, ಮೈಯೂ ಇಳಿಯುತ್ತದೆ. ಇಂಚಿನ ತುಂಡು ಮಾಡಿ ಜೋಳದ ಸೊಪ್ಪೆ ಅಥವಾ ಒಣಹುಲ್ಲಿನ ಜೊತೆ ಕಲಸಿ, ಶೇಂಗಾ ಹೊಟ್ಟು, ಹಿಂಡಿಯಂಥ ಪ್ರೋಟೀನ್ ಮೇವೂ ಕೊಡಿ. ಆಡು ಕುರಿಗಳಿಗೆ ದಿನಕ್ಕೆ ಅರ್ಧ ಕಿಲೋದಿಂದ ಶುರುಮಾಡಿ ಎರಡು ವಾರದಲ್ಲಿ ನಿಧಾನಕ್ಕೆ ಏರಿಸಿ. ಮೇವಿನ ತಳಿಗಳ ಬಗ್ಗೆ ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಬಹುದು.

ಮುಳ್ಳಿನ ಕಾಡುಜಾತಿಯನ್ನು ಮಾತ್ರ ಬದುವಿಗೆ ತರಬೇಡಿ. ಕಡಿದು ಬಿದ್ದ ತುಂಡೆಲ್ಲ ಬೇರು ಬಿಡುತ್ತದೆ, ಹಣ್ಣು ತಿಂದ ಹಕ್ಕಿಗಳು ಬೀಜ ಹರಡುತ್ತವೆ. ಆಸ್ಟ್ರೇಲಿಯಾದಲ್ಲಿ ಹೀಗೆ ಹಬ್ಬಿದ ಪಾಪಾಸುಕಳ್ಳಿ 1920ರ ದಶಕದ ಹೊತ್ತಿಗೆ ಸುಮಾರು 2.4 ಕೋಟಿ ಹೆಕ್ಟೇರ್ ನೆಲ ಆಕ್ರಮಿಸಿತ್ತು. ಅರ್ಜೆಂಟೀನಾದಿಂದ ತಂದ ಒಂದು ಪತಂಗದ ಹುಳುಗಳು ಎಲೆಯ ಒಳಗನ್ನು ತಿಂದ ಮೇಲೆಯೇ ರೈತರಿಗೆ ಆ ನೆಲ ಮರಳಿ ಸಿಕ್ಕಿದ್ದು.

ಪ್ರಶ್ನೆ: ಹಣ್ಣು, ಎಲೆ ಎರಡನ್ನೂ ತಿನ್ನಬಹುದು ಎನ್ನುತ್ತಾರೆ. ನಿಜವೇ? (ಬಳ್ಳಾರಿ)

ನಿಜ. ಆದರೆ ಮೊದಲು ಗಿಡ ಖಚಿತಪಡಿಸಿಕೊಳ್ಳಿ. ಗಾಯ ಮಾಡಿದಾಗ ಬಿಳಿ ಹಾಲು ಬಂದರೆ ಅದು ಪಾಪಾಸುಕಳ್ಳಿ ಅಲ್ಲ, ನಮ್ಮ ಬೇಲಿಗಳ ಹಾಲುಗಳ್ಳಿ ಬಳಗದ್ದು. ಆ ಹಾಲು ವಿಷ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಪಾಪಾಸುಕಳ್ಳಿಯಲ್ಲಿ ಬರುವುದು ಬಣ್ಣವಿಲ್ಲದ ಲೋಳೆ.

ಹಣ್ಣು ಕಿತ್ತ ಮೇಲೆ ಮಾಗುವುದಿಲ್ಲ, ಪೂರ್ತಿ ಬಣ್ಣ ತಿರುಗಿದ ಮೇಲೆಯೇ ಕೀಳಿ. ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಯ ಮೇಲೆ ಎಲ್ಲ ಬದಿ ತಿರುಗಿಸಿ ನವಿರು ಮುಳ್ಳು ಸುಡಿ, ನೀರಿನಲ್ಲಿ ಬ್ರಷ್‌ನಿಂದ ಉಜ್ಜಿ, ಎರಡೂ ತುದಿಯನ್ನು ಅರ್ಧ ಇಂಚು ಕತ್ತರಿಸಿ, ಉದ್ದಕ್ಕೆ ಸೀಳಿ ಸಿಪ್ಪೆ ಬಿಡಿಸಿ. ಹೂವು ಉದುರಿದ ತುದಿಯ ಗುಳಿಯಲ್ಲೇ ಮುಳ್ಳು ಅಡಗಿರುವುದು. ಬೀಜ ಗಟ್ಟಿ, ಒಮ್ಮೆಗೆ ಹೆಚ್ಚು ನುಂಗಿದರೆ ಮಲ ಕಟ್ಟಿಕೊಳ್ಳುತ್ತದೆ. ಮಕ್ಕಳಿಗೆ ರಸ ಸೋಸಿ ಕೊಡಿ. ಕೆಂಪು ಹಣ್ಣು ತಿಂದ ಮರುದಿನ ಮೂತ್ರ ಕೆಂಪಾಗಬಹುದು, ಅದು ಹಣ್ಣಿನ ಬಣ್ಣ.

ಪಲ್ಯಕ್ಕೆ ಮುಳ್ಳಿಲ್ಲದ ತಳಿಯ, ಅಂಗೈ ಉದ್ದದ ಎಳೆಯ ಎಲೆ ಬೇಕು. ಮೆಕ್ಸಿಕೋದಲ್ಲಿ ಇದು ದಿನನಿತ್ಯದ ತರಕಾರಿ. ರಾತ್ರಿಯಿಡೀ ಎಲೆಯೊಳಗೆ ಹುಳಿ ಸೇರಿ ಹಗಲು ಕರಗುತ್ತದೆ, ಹಾಗಾಗಿ ಮಧ್ಯಾಹ್ನದ ನಂತರ ಕೊಯ್ದರೆ ಹುಳಿ ಕಡಿಮೆ. ಅಂಚು, ಕಣ್ಣುಗಳನ್ನು ಚಾಕುವಿನಿಂದ ಹೆರೆದು, ಹುರುಳಿಕಾಯಿಯಂತೆ ಹೆಚ್ಚಿ, ಉಪ್ಪುನೀರಿನಲ್ಲಿ 10–15 ನಿಮಿಷ ಬೇಯಿಸಿ, ಲೋಳೆ ಹೋಗುವಂತೆ ತಣ್ಣೀರಲ್ಲಿ ತೊಳೆದು ಒಗ್ಗರಣೆಗೆ ಹಾಕಿ. ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದವರಿಗೆ ಬೇಡ, ಇದರಲ್ಲಿ ಆಕ್ಸಲೇಟ್ ಇದೆ. ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ದಿನವೂ ತಿನ್ನಬೇಡಿ, ಸಕ್ಕರೆ ಅಂಶ ಇನ್ನಷ್ಟು ಇಳಿಯಬಹುದು.

ಪ್ರಶ್ನೆ: ಅಮೆರಿಕದ ಡಲ್ಲಾಸ್‌ನಲ್ಲಿದ್ದೇವೆ. ಹಣ್ಣಿನ ತಳಿಯ ಕುಂಡ ಚಳಿಗಾಲದಲ್ಲಿ ಹೊರಗಿರಬಹುದೇ? ಊರಿಗೆ ಬರುವಾಗ ಒಂದೆರಡು ಎಲೆ ತರಬಹುದೇ? (ಡಲ್ಲಾಸ್)

ಹಣ್ಣಿನ ದೊಡ್ಡ ಎಲೆಯ ತಳಿ ಸೊನ್ನೆಗಿಂತ 5 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೆ ಹಾನಿಗೊಳ್ಳುತ್ತದೆ, 10 ಡಿಗ್ರಿ ಇಳಿದರೆ ಉಳಿಯುವುದು ಕಷ್ಟ. ಅಕ್ಟೋಬರ್‌ನಿಂದ ನೀರು ಕಡಿಮೆ ಮಾಡಿ, ನವೆಂಬರ್‌ಗೆ ನಿಲ್ಲಿಸಿ. ಒಳಗೆ ನೀರು ಕಡಿಮೆಯಿದ್ದ ಎಲೆ ಹಿಮವನ್ನು ಹೆಚ್ಚು ತಾಳುತ್ತದೆ. ಹೆಪ್ಪುಗಟ್ಟುವ ರಾತ್ರಿಗಳಲ್ಲಿ ಕುಂಡವನ್ನು ಗ್ಯಾರೇಜಿಗೆ ಸೇರಿಸಿ. ವಸಂತದಲ್ಲಿ ಹೊರಗೆ ತರುವಾಗ ಎರಡು ವಾರ ಅರೆನೆರಳಿನಲ್ಲಿಟ್ಟು ಆಮೇಲೆ ಬಿಸಿಲಿಗಿಡಿ, ಇಲ್ಲದಿದ್ದರೆ ಎಲೆಯಲ್ಲಿ ಬಿಳಿಚಿದ ಸುಟ್ಟ ಮಚ್ಚೆ ಏಳುತ್ತದೆ, ಅದು ಮತ್ತೆ ಹಸಿರಾಗದು. ನೆಲದಲ್ಲಿ ಬೆಳೆಸುವ ಆಸೆಯಿದ್ದರೆ ಅಲ್ಲಿನದೇ ಜಾತಿಗಳನ್ನು ನರ್ಸರಿಯಿಂದ ತನ್ನಿ. 1995ರಿಂದ ಪಾಪಾಸುಕಳ್ಳಿ ಟೆಕ್ಸಾಸ್‌ನ ರಾಜ್ಯ ಸಸ್ಯ, ಅಲ್ಲಿನ ಜಾತಿಗಳು ಆ ಚಳಿಗೆ ಒಗ್ಗಿದವು. ಡಲ್ಲಾಸ್‌ನ ಜೇಡಿಮಣ್ಣಿಗೆ ಏರುಮಡಿ ಕಡ್ಡಾಯ.

ಊರಿಗೆ ಎಲೆ ತರಬೇಡಿ. ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಜೀವಂತ ಗಿಡ ಭಾರತಕ್ಕೆ ತರುವಂತಿಲ್ಲ. ಎಲೆಯ ಸಂದಿನಲ್ಲಿ ಕೂತು ಬರುವ ಒಂದೇ ಕೀಟ ಇಲ್ಲಿನ ಮೇವಿನ ತೋಟಗಳನ್ನು ಹಾಳುಮಾಡಬಲ್ಲದು. ಮುಳ್ಳಿಲ್ಲದ ಒಳ್ಳೆಯ ತಳಿಗಳು ಈಗ ಕರ್ನಾಟಕದಲ್ಲೂ ಸಿಗುತ್ತವೆ.